ಪಹಣಿಯಲ್ಲಿಲ್ಲದ ಹೆಸರುಗಳು

ಸ್ಥಳನಾಮ ಬರೆದಿಡುವ ಹವ್ಯಾಸಕ್ಕೆ ಹೊಸತಾಗಿ ಇಳಿದವರಿಗೆ ನಾನು ಹೇಳುವುದಿಷ್ಟು: ಊರಿನ ಹೆಸರನ್ನು ಸದ್ಯಕ್ಕೆ ಬಿಡಿ. ಅದು ಬಸ್ಸಿನ ಬೋರ್ಡಿನಲ್ಲಿದೆ, ಪಂಚಾಯಿತಿ ಗೋಡೆಯ ಮೇಲಿದೆ. ಕೈತಪ್ಪುತ್ತಿರುವುದು ಊರೊಳಗಿನ ಗದ್ದೆ, ತೋಡು, ಕಟ್ಟ, ಸಂಕ, ಹೊಳೆಯ ಒಂದೊಂದು ಗುಂಡಿಯ ಹೆಸರು. 20 ಮೀಟರ್ ಅಗಲದ ಗುಂಡಿ 1:50,000 ಅಳತೆಯ ನಕಾಶೆಯಲ್ಲಿ ಅರ್ಧ ಮಿಲಿಮೀಟರ್ ಕೂಡ ಆಗದು. ಮಹಾರಾಷ್ಟ್ರದ ಸಾತ್‌ಬಾರಾ ಪತ್ರದಲ್ಲಿ ಹೊಲದ ಸ್ಥಳೀಯ ಹೆಸರಿಗೊಂದು ಜಾಗವಿದೆ. ನಮ್ಮ ಪಹಣಿಯಲ್ಲಿ ಸರ್ವೆ ನಂಬರು, ಹಿಸ್ಸಾ, ವಿಸ್ತೀರ್ಣ ಬಂತು, ಹೆಸರು ಬರಲಿಲ್ಲ. ಇದು ನನಗೆ ನಿಜವಾದ ನೋವು.

ಕರಾವಳಿಯ ಒಂದು ಮಾಗಣೆ ಹಿಡಿದು ನಡೆದರೆ ಸಾಕು, ಎಷ್ಟು ಸಿಗುತ್ತದೆ! ತಗ್ಗಿನಲ್ಲಿ ಬೈಲು, ನಡುವೆ ಮಜಲು, ಮೇಲೆ ಬೆಟ್ಟು. ಏಣೆಲು, ಸುಗ್ಗಿ, ಕೊಳಕೆ ಮೂರೂ ಬೆಳೆಯುತ್ತಿದ್ದದ್ದು ಬೈಲಿನಲ್ಲಿ. ಬೆಟ್ಟಿಗೆ ಮಳೆಯ ನೀರೇ ಗತಿ, ಒಂದೇ ಬೆಳೆ. ಗದ್ದೆಯ ಹೆಸರಿನ ಕೊನೆಗೆ ಈ ಮೂರರಲ್ಲಿ ಯಾವುದಿದೆ ಎಂದು ಕೇಳಿದರೆ ನೀರಿನ ಲೆಕ್ಕವೇ ತಿಳಿಯುತ್ತದೆ. ಕೆಲವಕ್ಕೆ ಬಿತ್ತುವ ಬೀಜದ ಅಳತೆಯೇ ಹೆಸರು: ಕಳಸೆಯ ಗದ್ದೆ, ಮುಡಿಯ ಗದ್ದೆ. ಮೂರು ಕಳಸೆಗೆ ಒಂದು ಮುಡಿ, ಅಂದರೆ 42 ಸೇರು. ನನಗೆ ಎಲ್ಲಕ್ಕಿಂತ ಪ್ರಿಯವಾದವು ಕಟ್ಟದ ಹೆಸರುಗಳು. ಮಳೆ ನಿಂತ ಮೇಲೆ ಊರವರು ಕೂಡಿ ಕಲ್ಲು ಮಣ್ಣಿನಿಂದ ತೋಡಿಗೆ ಕಟ್ಟ ಹಾಕುತ್ತಿದ್ದರು, ಮುಂದಿನ ಮಳೆಗೆ ಅದು ಕೊಚ್ಚಿಹೋಗುತ್ತಿತ್ತು. ಕಟ್ಟ ಹಾಕುವುದೇ ನಿಂತ ಕಡೆ ತೋಡಿನಲ್ಲಿ ಒಂದು ಕಲ್ಲೂ ಕಾಣದು, ಹೆಸರೊಂದೇ ಸಾಕ್ಷಿ.

ಹಳೆಯ ಪಾಲುಪಟ್ಟಿ ತೋರಿಸುವ ಮನೆ ಸಿಕ್ಕರೆ ಬಿಡಬೇಡಿ. ಅಣ್ಣತಮ್ಮಂದಿರು ಗದ್ದೆ ಹಂಚಿಕೊಂಡದ್ದು ಹೆಸರು ಹಿಡಿದೇ. ಚಕ್ಕುಬಂದಿಯಲ್ಲಂತೂ ತೋಡು, ಕಾಸರಕನ ಮರ, ನೆಟ್ಟ ಕಲ್ಲು ಎಲ್ಲ ಬರುತ್ತವೆ. ಗಂಗರ ಎಷ್ಟೋ ತಾಮ್ರಶಾಸನಗಳಲ್ಲಿ ಅರಸನ ಹೊಗಳಿಕೆ ಸಂಸ್ಕೃತದಲ್ಲಿದ್ದು, ದಾನದ ಭೂಮಿಯ ಎಲ್ಲೆಗೆ ಬಂದಾಗ ಬರಹ ಕನ್ನಡಕ್ಕೆ ಇಳಿಯುತ್ತದೆ. ಎಲ್ಲೆ ಕಾಯುವವರಿಗೆ ಅರ್ಥವಾಗಬೇಕಲ್ಲ.

ಜಗಲಿಯಲ್ಲಿ ಕೂತು ಕೇಳಿದರೆ ನಾಲ್ಕು ಹೆಸರು ಬಂದಾವು. ಹುಣಿಯ ಮೇಲೆ ಜೊತೆಗೆ ನಡೆದರೆ ಉಳಿದವೂ ನೆನಪಾಗುತ್ತವೆ. ನೇಜಿ ನೆಟ್ಟ ಹೆಂಗಸರನ್ನು ತಪ್ಪದೆ ಕೇಳಿ, ದಿನದ ಕೆಲಸ ಎಲ್ಲಿ ಎಂಬುದು ಅವರಿಗೆ ಗದ್ದೆಯ ಹೆಸರಿನಿಂದಲೇ ಗೊತ್ತಾಗುತ್ತಿದ್ದದ್ದು. ಗುಡ್ಡದ ಹೆಸರಿಗೆ ದನ ಮೇಯಿಸಿದವರೇ ಬೇಕು. ಯಜಮಾನರು ಗದ್ದೆ ಎಂದದ್ದನ್ನು ಕೆಲಸದವರು ತುಳುವಿನಲ್ಲಿ ಕಂಡ ಎಂದರೆ ಎರಡನ್ನೂ ಬರೆಯಿರಿ, ತಿದ್ದಬೇಡಿ. ಹೆಸರಿನ ಮೂಲ ಹುಡುಕುವ ಆಸೆಯನ್ನು ಸ್ವಲ್ಪ ತಡೆಹಿಡಿಯಿರಿ. ಮೊದಲು ಜಾಗ, ಹೇಳಿದವರ ಪ್ರಾಯ, ಕೇಳಿದ ವರ್ಷ.

ಬರೆದದ್ದು ನಿಮ್ಮ ಕಪಾಟಿನಲ್ಲೇ ಉಳಿಯಬಾರದು. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿಯಲ್ಲಿ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಗಿಡ, ಮೀನು, ಭತ್ತದ ತಳಿಗಳ ಜೊತೆ ಅವು ಇರುವ ಜಾಗದ ಹೆಸರೂ ಅದರಲ್ಲಿ ಸೇರಲಿ. ಈ ದಾಖಲಾತಿ ನೋಡಿಕೊಳ್ಳುವ ಪಂಚಾಯಿತಿ ಸಮಿತಿಯ ಮುಂದಿನ ಸಭೆ ಯಾವಾಗ ಎಂದು ಈ ವಾರವೇ ವಿಚಾರಿಸಿ.