ಮಳೆ ಬಂದು ಕೆರೆ ತುಂಬಿತು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ಮಳೆಗಾಗಿ ಮುಗಿಲು ನೋಡುವ ಸೀಮೆ. ‘ಮಳೆ ಬಂದು ಕೆರೆ ತುಂಬಿತು’ ಎನ್ನುವುದನ್ನು ಇಲ್ಲಿಯ ಮಕ್ಕಳಿಗೆ ಯಾರೂ ಕಲಿಸಬೇಕಿಲ್ಲ. ಅದೇ ಮಗು ಎಸ್ಸೆಸ್ಸೆಲ್ಸಿಯ ಇಂಗ್ಲಿಷ್ ಪ್ರಬಂಧದಲ್ಲಿ ‘ಇಟ್ ರೇನ್ಡ್, ದ ಲೇಕ್ ಫಿಲ್ಡ್’ ಎಂದು ಬರೆದರೆ ಅಲ್ಪವಿರಾಮದ ಸುತ್ತ ಕೆಂಪು ಶಾಯಿ ಬೀಳುತ್ತದೆ. ತಪ್ಪೇಕೆಂದು ಮಾತ್ರ ಆ ಶಾಯಿ ಹೇಳುವುದಿಲ್ಲ.

ನನ್ನ ತಕರಾರು ಇರುವುದು ಇಲ್ಲೇ. ಇದನ್ನು ಉದಾಸೀನ ಎಂದು ತಿದ್ದುತ್ತೇವೆ. ಆದರೆ ಮಗು ತನ್ನ ಭಾಷೆಯ ಅಭ್ಯಾಸವನ್ನು ನಂಬಿ ಬರೆದಿದೆ. ಕನ್ನಡದಲ್ಲಿ ಬೆಸುಗೆ ಕ್ರಿಯೆಯೊಳಗೇ ಇರುತ್ತದೆ. ‘ಬಂದು’ ಎಂದೊಡನೆ ಮಾತು ಮುಗಿದಿಲ್ಲವೆಂದು ಕಿವಿಗೆ ಗೊತ್ತು. ವ್ಯಾಕರಣ ಇದನ್ನು ಕೃದಂತಾವ್ಯಯ ಎನ್ನುತ್ತದೆ. ಪಾವಗಡದಲ್ಲಿ ತೆಲುಗು ಮನೆಮಾತಿನ ಮಗು ‘ವಾನ ವಚ್ಚಿ ಚೆರುವು ನಿಂಡಿಂದಿ’ ಎಂದರೂ ಬೆಸುಗೆ ಅದೇ ಜಾಗದಲ್ಲಿದೆ. ಎರಡರಲ್ಲೂ ಅಲ್ಲಿ ಚಿಹ್ನೆ ಬೇಡ.

ಇಂಗ್ಲಿಷಿನ ‘ರೇನ್ಡ್’ ನಮ್ಮ ‘ಬಂದು’ ಅಲ್ಲ, ‘ಬಂತು’. ‘ಮಳೆ ಬಂತು, ಕೆರೆ ತುಂಬಿತು’ ಎಂದು ಕನ್ನಡದಲ್ಲಿ ಬರೆದರೆ ಯಾರೂ ಆಕ್ಷೇಪಿಸುವುದಿಲ್ಲ. ಇಂಗ್ಲಿಷಿನ ಶಾಲಾ ವ್ಯಾಕರಣ ಮಾತ್ರ ಎರಡು ಪೂರ್ಣ ವಾಕ್ಯಗಳನ್ನು ಬರೀ ಅಲ್ಪವಿರಾಮದಿಂದ ಕಟ್ಟಲು ಒಪ್ಪುವುದಿಲ್ಲ. ಪೂರ್ಣವಿರಾಮ ಇಟ್ಟರೆ ಅವು ಎರಡು ಸುದ್ದಿಗಳು. ಅರ್ಧವಿರಾಮ ಇಟ್ಟರೆ ನಂಟಿದೆ, ಏನೆಂದು ಓದುಗ ಊಹಿಸಲಿ ಎಂದಂತೆ. ಅಲ್ಪವಿರಾಮದ ಜೊತೆ ‘ಸೋ’ ಬಂದರೆ ಮಳೆಯೇ ಕಾರಣ. ‘ವೆನ್ ಇಟ್ ರೇನ್ಡ್’ ಎಂದು ಶುರುಮಾಡಿ ಅಲ್ಪವಿರಾಮ ಇಟ್ಟರೆ ಹೊತ್ತು ಮುಖ್ಯ. ‘ಹೌಎವರ್’ ಮೋಸ ಮಾಡುವ ಪದ: ಜೋಡಿಸುವಂತೆ ಕಂಡರೂ ಜೋಡಿಸದು. ಎರಡು ವಾಕ್ಯಗಳ ನಡುವೆ ಅದನ್ನು ತಂದರೆ ಅದಕ್ಕೆ ಮೊದಲು ಅರ್ಧವಿರಾಮ, ನಂತರ ಅಲ್ಪವಿರಾಮ ಬೇಕು.

ನಮ್ಮ ‘ಬಂದು’ ಹೊತ್ತನ್ನೂ ಕಾರಣವನ್ನೂ ಒಟ್ಟಿಗೆ ಮಡಿಲಲ್ಲಿ ಇಟ್ಟುಕೊಂಡಿರುತ್ತದೆ. ಇಂಗ್ಲಿಷ್ ಒಂದನ್ನು ಆರಿಸು ಎನ್ನುತ್ತದೆ. ಹಾಗೆ ಆರಿಸುವಾಗ ಕನ್ನಡದ ಒಂದು ಸೊಗಸು ಕಳೆಯುತ್ತದೆ, ಅನುವಾದಕರಿಗೆ ಇದು ದಿನನಿತ್ಯದ ಅನುಭವ. ಹುಡುಗ ಹುಡುಗಿಯರಿಗೂ ಇಷ್ಟು ತಿಳಿಯಲಿ. ಚಿಹ್ನೆಗಳ ಪಟ್ಟಿ ಉರುಹೊಡೆಸುವ ಬದಲು ಮೇಷ್ಟರು ಒಂದೇ ಪ್ರಶ್ನೆ ಕೇಳಬಹುದು: ‘ನೀನು ಬರೆದದ್ದು ಬಂದುವೋ, ಬಂತೋ?’ ಎರಡೂ ಕಡೆ ‘ಬಂತು’ ಇದ್ದರೆ, ನಡುವೆ ಗಟ್ಟಿಯಾದ ಕಟ್ಟು ಬೇಕು.

80 ಅಂಕಗಳ ಆ ಲಿಖಿತ ಪರೀಕ್ಷೆಯಲ್ಲಿ ಒಂದೆರಡು ಅಂಕ ಹೋಗುವುದು ಸಣ್ಣ ನಷ್ಟ. ‘ನನಗೆ ಇಂಗ್ಲಿಷ್ ಬರಲ್ಲ’ ಎಂದು ಮಗು ತೀರ್ಮಾನಿಸಿಬಿಡುವುದು ದೊಡ್ಡದು.