ಮರೆಯಬಲ್ಲ ಸ್ಟಾರ್ಟರ್

ಅಫಜಲಪುರದ ಸೊನ್ನ ಬ್ಯಾರೇಜಿನ ಹಿನ್ನೀರಿರಲಿ, ಆಳಂದದ ಅಮರ್ಜಾ ಸೀಮೆಯಿರಲಿ, ಜೇವರ್ಗಿಯ ಭೀಮಾ ದಂಡೆಯಿರಲಿ, ಪಂಪ್‌ಸೆಟ್ಟಿನ ಮಾತು ಬಂದಾಗ ಆಟೋ ಸ್ವಿಚ್ಚಿಗೆ ಸಿಗುವ ಮರ್ಯಾದೆ ದೊಡ್ಡದು. ‘ಕರೆಂಟ್ ಬಂದ್ರ ತಾನೇ ಚಾಲೂ ಆಗ್ತದ್ರಿ’ ಅಂದರೆ ಮುಗಿಯಿತು. ನನಗೆ ಈ ಮರ್ಯಾದೆ ಅತಿ ಅನ್ನಿಸುತ್ತದೆ. ಸಲ್ಲಬೇಕಾದ್ದು ಸ್ಟಾರ್ಟರ್ ಡಬ್ಬಿಯೊಳಗೆ ಯಾರೂ ಹೆಸರು ಹಿಡಿದು ಕರೆಯದ ಒಂದು ಪುಟ್ಟ ಕಾಂಟ್ಯಾಕ್ಟಿಗೆ.

ಸರ್ಕ್ಯೂಟು ಐಟಿಐ ಹುಡುಗರಿಗೆಲ್ಲ ಗೊತ್ತು: ಒಂದು ಫೇಸಿನಿಂದ ಹೊರಟು ಓವರ್‌ಲೋಡ್ ರಿಲೇಯ 95-96, ಕೆಂಪು ಬಟನ್, ಹಸಿರು ಬಟನ್, ಕಾಯಿಲ್, ಮತ್ತೊಂದು ಫೇಸ್. ಹಸಿರು ಒತ್ತಿದಾಗ ಕಾಯಿಲ್ ಎಳೆದು ನಾನು ಹೇಳಿದ ಆ ಪುಟ್ಟ ಕಾಂಟ್ಯಾಕ್ಟು, 13-14, ಮುಚ್ಚುತ್ತದೆ. ಬೆರಳು ತೆಗೆದರೂ ಮೋಟರು ನಡೆಯುತ್ತದೆ. ಈ 13-14 ಹಸಿರು ಬಟನ್ನಿಗೆ ಮಾತ್ರ ಸಮಾನಾಂತರ. ಅವಸರದ ಕೈ ಅದನ್ನು ಎರಡೂ ಬಟನ್‌ಗಳ ಆಚೀಚೆ ಕಟ್ಟಿತೋ, ಕೆಂಪು ಬಟನ್ ಬರೀ ಅಲಂಕಾರ. ಕೆಂಪು ಬಟನ್ನಿನ ತಂತಿ ಕಡಿದರೆ ಮೋಟರು ನಿಲ್ಲುತ್ತದೆ, ಓಡುವುದಿಲ್ಲ. ಕೆಡುವುದಾದರೆ ನಿಂತು ಕೆಡಲಿ ಎಂಬ ಈ ವಿವೇಕ ಎಷ್ಟೋ ದುಬಾರಿ ಯಂತ್ರಗಳಲ್ಲೂ ಇಲ್ಲ.

ಅದಕ್ಕಿಂತ ದೊಡ್ಡದು ಅದರ ಮರೆವು. ಕರೆಂಟ್ ಹೋದೊಡನೆ 13-14 ತೆರೆದುಕೊಂಡು, ನೀವು ಒತ್ತಿದ್ದನ್ನೇ ಮರೆತುಬಿಡುತ್ತದೆ. ಮರಳಿ ಬಂದ ಕರೆಂಟಿಗೆ ಇಲ್ಲಿ ಅಧಿಕಾರವಿಲ್ಲ, ಬೆರಳೇ ಬೇಕು. ಕಪ್ಲಿಂಗಿನ ಹತ್ತಿರ ಕೈಯಿಟ್ಟು ಕೂತವನ ಬೆರಳು ಉಳಿಯುವುದು ಈ ಮರೆವಿನಿಂದ.

ಹಸಿರು ಬಟನ್ನಿನ ಎರಡು ತುದಿಗೆ ಕಾಯಂ ತಂತಿ ಬಿಗಿಯುವ ಅಗ್ಗದ ‘ಆಟೋ’ದಲ್ಲಿ ಈ ಮರೆವು ಸತ್ತಿರುತ್ತದೆ. ಅದರ ಜೊತೆಗೆ ರಿಲೇಯ ರೀಸೆಟ್ಟೂ ಆಟೋಗೆ ತಿರುಗಿದ್ದರೆ? ಕಾದ ಮೋಟರನ್ನು ರಿಲೇ ಬಂದ್ ಮಾಡುತ್ತದೆ. ರಿಲೇಯೊಳಗಿನ ಲೋಹದ ಎಲೆ ಬೇಗ ತಣಿಯುತ್ತದೆ, ವೈಂಡಿಂಗ್ ತಣಿಯುವುದಿಲ್ಲ. 95-96 ಕೂಡುತ್ತದೆ, ಕಾಯಿಲ್ ಎಳೆಯುತ್ತದೆ, ಮೋಟರು ಮತ್ತೆ ಚಾಲೂ, ಮತ್ತೆ ಬಂದ್, ಮತ್ತೆ ಚಾಲೂ. ಪ್ರತಿ ಸಲವೂ ಆರು ಪಟ್ಟು ಕರೆಂಟು. ಬೆಳಗಾಗುವಷ್ಟರಲ್ಲಿ ವೈಂಡಿಂಗ್ ಅಂಗಡಿಯವನಿಗೆ ಗಿರಾಕಿ ಸಿದ್ಧ. ಬೈಯುವುದು ಮಾತ್ರ ಮೋಟರಿನ ಕಂಪನಿಗೆ! 13-14 ಕೆಲಸದಲ್ಲಿದ್ದರೆ, ರೀಸೆಟ್ ಆಟೋದಲ್ಲಿದ್ದರೂ ಮೋಟರು ನಿಂತೇ ಇರುತ್ತಿತ್ತು.

ನೆರೆಹೊರೆಯ ಲೆಕ್ಕವೂ ಇದೆ. 63 ಕೆವಿಎ ಟಿಸಿ (ಟ್ರಾನ್ಸ್‌ಫಾರ್ಮರ್) ಕೊಡಬಲ್ಲದ್ದು ಹೆಚ್ಚುಕಡಿಮೆ 85 ಆಂಪಿಯರ್. 5 ಎಚ್‌ಪಿಯ ಹತ್ತು ಮೋಟರು ನಡೆಯುವಾಗ ತಲಾ ಏಳೂವರೆಯಂತೆ 75. ಕರೆಂಟ್ ಮರಳಿದೊಡನೆ ಆಟೋದಿಂದ ಹತ್ತೂ ಒಂದೇ ಕ್ಷಣಕ್ಕೆ ಎದ್ದರೆ, ಆರು ಪಟ್ಟಿನಂತೆ 450. ವೋಲ್ಟೇಜ್ ಕುಸಿದು ಕಾಂಟ್ಯಾಕ್ಟರ್‌ಗಳು ಕಟಕಟ ಹಲ್ಲು ಕಡಿಯುತ್ತವೆ, ಯಾವ ಮೋಟರೂ ನೆಟ್ಟಗೆ ಏಳುವುದಿಲ್ಲ.

ಇಷ್ಟು ಓದಿ ‘ರೈತರಿಗೆ ಶಿಸ್ತಿಲ್ಲ’ ಎನ್ನುವ ಎಂಜಿನಿಯರುಗಳು ನನ್ನನ್ನು ತಮ್ಮ ಸಾಲಿಗೆ ಸೇರಿಸಿಕೊಳ್ಳಬಾರದು. ಅವರ ಜೊತೆ ನನ್ನ ಜಗಳ ಇನ್ನೂ ಜೋರಿನದು. ತ್ರೀ ಫೇಸ್ ಪಾಳಿಯನ್ನು ನಡುರಾತ್ರಿಗೆ ಇಟ್ಟು, ಹಾವು ಚೇಳಿನ ಬದುವಿನ ಮೇಲೆ ಟಾರ್ಚ್ ಹಿಡಿದು ಹೋಗಿ ಬಟನ್ ಒತ್ತು ಅನ್ನುವುದು ಯಾವ ಶಿಸ್ತು? 10 ಎಚ್‌ಪಿವರೆಗೆ ಬಿಲ್ ಇಲ್ಲ, ನಿಜ. ನಿದ್ದೆಯ ಬಿಲ್ ಕಟ್ಟುವವರು ಯಾರು? ಆಟೋ ಸ್ವಿಚ್ ಹುಟ್ಟಿದ್ದು ರೈತರ ಸೋಮಾರಿತನದಿಂದಲ್ಲ, ಪಾಳಿಪಟ್ಟಿಯಿಂದ. ಮೂರೂ ಫೇಸ್ ನೋಡಿ, ಒಂದಿಷ್ಟು ಕಾದು, ಹಸಿರು ಬಟನ್ನನ್ನು ಒಂದೇ ಸಲ ಒತ್ತಿದಂತೆ ಮಾಡಿ ಸುಮ್ಮನಾಗುವ ಮಾದರಿಗಳ ಮೇಲೆ ನನಗೆ ಸಿಟ್ಟಿಲ್ಲ. ಕಾಯುವ ಸೆಕೆಂಡುಗಳು ಹೊಲದಿಂದ ಹೊಲಕ್ಕೆ ಬೇರೆಯಾಗಿದ್ದರೆ ಸಾಕು.

ಹಳೆಯ ಸರ್ಕ್ಯೂಟಿಗೂ ಒಂದು ಕುರುಡಿದೆ. ಕಾಯಿಲ್ ಕೂತಿರುವುದು ಎರಡೇ ಫೇಸಿನ ನಡುವೆ. ಮೂರನೆಯದು ಹೋದರೆ ಅದಕ್ಕೆ ತಿಳಿಯದು. ಅದಕ್ಕೆ ಸಿಂಗಲ್ ಫೇಸ್ ಪ್ರಿವೆಂಟರ್ ಬೇಕೇ ಬೇಕು.

ನಾಳೆ ಹೊಲಕ್ಕೆ ಹೋದಾಗ ಮೇನ್ ಬಂದ್ ಮಾಡಿಸಿ, ಬಲ್ಲವರಿಂದ ಡಬ್ಬಿ ತೆರೆಸಿ ನೋಡಿ. ರಿಲೇಯ ರೀಸೆಟ್ ಆಟೋ ಕಡೆಗಿದ್ದರೆ ಕೈ ಕಡೆಗೆ ತಿರುಗಿಸಿರಿ.