ಮೂರು ಸೆಕೆಂಡಿನ ಸಿನಿಮಾ

‘ಸಾರ್, ನಿಮ್ಮ ಕ್ಯಾಮೆರಾ ಕೆಟ್ಟೋಗಿದೆ. ಒಂದು ಫೋಟೋ ಜಾಗದಲ್ಲಿ ಎರಡೆರಡು ಬಿದ್ದಿದೆ.’

ಲ್ಯಾಬಿನ ಹುಡುಗ ಫೋನಿನಲ್ಲಿ ಹೀಗೆಂದಾಗ ಅವನ ದನಿಯಲ್ಲಿ ನಿಜವಾದ ಮರುಕವಿತ್ತು. ‘ಕೆಟ್ಟಿಲ್ಲಪ್ಪ, ಅದು ಇರೋದೇ ಹಾಗೆ. ಕತ್ತರಿಸೋವಾಗ ಸ್ವಲ್ಪ ನೋಡ್ಕೊ’ ಎಂದೆ. ಆ ಕಡೆ ಸದ್ದಿಲ್ಲ. ಕತ್ತರಿಸಿಯಾಗಿತ್ತು. ಮನೆಗೆ ತಂದು ನೋಡಿದರೆ ನಮ್ಮ ಚಿಕ್ಕಪ್ಪನ ಮೀಸೆ ಅರ್ಧ ಒಂದು ತುಂಡಿನಲ್ಲಿ, ಉಳಿದರ್ಧ ಇನ್ನೊಂದರಲ್ಲಿ. ಅಂದಿನಿಂದ ರೋಲಿಗೆ ‘ಹಾಫ್ ಫ್ರೇಮ್, ಕತ್ತರಿಸಬೇಡಿ’ ಎಂದು ಚೀಟಿ ಅಂಟಿಸಿಯೇ ಕೊಡುವುದು. ಇಂಥ ಕ್ಯಾಮೆರಾ ಸಾಕಿಕೊಂಡ ನಾಲ್ಕೈದು ಜನ ನನಗೆ ಗೊತ್ತು. ಎಲ್ಲರ ಬಳಿಯೂ ಇಂಥದೊಂದು ಮೀಸೆಯ ಕತೆ ಇದೆ.

ನನ್ನದು ಒಲಿಂಪಸ್ ಪೆನ್ ಎಫ್‌ಟಿ. 1963ರಲ್ಲಿ ಬಂದ ಪೆನ್ ಎಫ್‌ಗೆ ತಮ್ಮ, 1966ರ ಹುಟ್ಟು. ಹಾಕುವುದು ಎಲ್ಲರೂ ಹಾಕುವ 35 ಎಂ.ಎಂ. ಫಿಲ್ಮನ್ನೇ. ಆದರೆ ಉಳಿದವು 24×36 ಮಿಲಿಮೀಟರಿನ ಒಂದು ಚಿತ್ರ ತೆಗೆಯುವ ಜಾಗದಲ್ಲಿ ಇದು 18×24ರ ಎರಡನ್ನು ಕೂರಿಸುತ್ತದೆ. ಮೂವತ್ತಾರರ ರೋಲಿನಲ್ಲಿ ಎಪ್ಪತ್ತೆರಡು. ಅರ್ಧ ಚೌಕಟ್ಟಿನ ಕ್ಯಾಮೆರಾಗಳು ಆ ಕಾಲಕ್ಕೆ ಜಪಾನಿನಲ್ಲಿ ಬೇಕಾದಷ್ಟಿದ್ದವು. ಕ್ಯಾನನ್‌ನವರು, ರಿಕೋದವರು, ಯಾಶಿಕಾದವರು ಎಲ್ಲರೂ ಮಾಡಿದರು. ಅವುಗಳಲ್ಲಿ ಲೆನ್ಸು ಬದಲಿಸಬಹುದಾದ, ಲೆನ್ಸಿನ ಮೂಲಕವೇ ನೋಡಿ ತೆಗೆಯುವ ಎಸ್‌ಎಲ್‌ಆರ್ ಆಗಿ ಮೊದಲು ಬಂದದ್ದು ಪೆನ್ ಎಫ್.

‘ಅರ್ಧ’ ಎನ್ನುವ ಹೆಸರಿನ ಬಗ್ಗೆ ನನಗೊಂದು ತಕರಾರಿದೆ. 35 ಎಂ.ಎಂ. ಫಿಲ್ಮು ಬಂದದ್ದೇ ಸಿನಿಮಾಕ್ಕೆ. ಮೂಕಿ ಚಿತ್ರಗಳ ಕಾಲದ ಚೌಕಟ್ಟು ಇದೇ 18×24, ನಾಲ್ಕು ತೂತುಗಳ ಎತ್ತರ. ಜರ್ಮನಿಯ ಆಸ್ಕರ್ ಬಾರ್ನಾಕ್ ಆ ಫಿಲ್ಮನ್ನು ಸ್ಥಿರಚಿತ್ರಕ್ಕೆ ಒಗ್ಗಿಸುವಾಗ ಎರಡು ಚೌಕಟ್ಟು ಒಂದುಗೂಡಿಸಿ 24×36 ಮಾಡಿಕೊಂಡ. 1925ರಲ್ಲಿ ಲೈಕಾ ಮಾರುಕಟ್ಟೆಗೆ ಬಂದು ಗೆದ್ದಿತು. ಆಮೇಲೆ ಜೋಡಿಯೇ ‘ಪೂರ್ತಿ’ ಎನಿಸಿಕೊಂಡು, ಮೂಲದ ಒಂಟಿ ಪಾಪ ‘ಅರ್ಧ’ವಾಗಿ ಕೂತಿತು. ಮೂಲ ಮನೆಯವನನ್ನೇ ಬಾಡಿಗೆಯವನು ಎಂದು ಕರೆದಂತೆ!

ಟೂರಿಂಗ್ ಟಾಕೀಸಿನ ಹಿಂಬದಿಯಲ್ಲಿ ಬಿದ್ದ ಫಿಲ್ಮ್ ತುಂಡು ಆರಿಸಿ ತಂದವರಿಗೆ ಈ ಅಳತೆ ಹೆಚ್ಚುಕಮ್ಮಿ ಕೈಗೇ ಗೊತ್ತು. ಕೆಟ್ಟ ಬಲ್ಬಿನ ತಿರುಳು ತೆಗೆದು ನೀರು ತುಂಬಿದರೆ ಮಸೂರ. ಅಂಗಳದಿಂದ ಕನ್ನಡಿಯಲ್ಲಿ ಬಿಸಿಲು ಹೊಡೆಯುವವನು ಒಬ್ಬ, ಒಳಗೆ ಕತ್ತಲಲ್ಲಿ ಅಜ್ಜನ ಪಂಚೆ ಹಿಡಿದು ನಿಲ್ಲುವವನು ಇನ್ನೊಬ್ಬ. ರಾಜ್‌ಕುಮಾರ್ ತಲೆಕೆಳಗಾಗಿ ಬರುತ್ತಿದ್ದರು. ತುಂಡು ತಿರುಗಿಸಿ ಹಿಡಿದರೆ ಸರಿಹೋಗುತ್ತಿದ್ದರು. ನಲವತ್ತು ವರ್ಷದ ನಂತರ ಪೆನ್ನಿನ ಮೊದಲ ರೋಲನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ನನಗೆ ನೆನಪಾದದ್ದು ಆ ಪಂಚೆ. ಸಿನಿಮಾ ಯಂತ್ರದಲ್ಲಿ ಫಿಲ್ಮು ಮೇಲಿಂದ ಕೆಳಕ್ಕೆ ಓಡುತ್ತದೆ, ಚಿತ್ರ ಅಡ್ಡ. ಪೆನ್ನಿನಲ್ಲಿ ಅದೇ ಫಿಲ್ಮು ಪಕ್ಕಕ್ಕೆ ಸರಿಯುತ್ತದೆ, ಚಿತ್ರ ಎದ್ದು ನಿಲ್ಲುತ್ತದೆ. ವ್ಯತ್ಯಾಸ ಇಷ್ಟೇ.

ಈ ಲೆಕ್ಕ ಮುಂದುವರಿಸಿದರೆ ಒಂದು ಸ್ವಾರಸ್ಯ ಸಿಗುತ್ತದೆ. ಮಾತು ಬಂದ ಮೇಲಿನ ಸಿನಿಮಾ ಸೆಕೆಂಡಿಗೆ 24 ಚೌಕಟ್ಟು ಓಡಿಸುತ್ತದೆ. ಎಪ್ಪತ್ತೆರಡು ಎಂದರೆ ಸರಿಯಾಗಿ ಮೂರು ಸೆಕೆಂಡು. ಆ ಮೂರು ಸೆಕೆಂಡು ತೆಗೆಯಲು ನನಗೆ ಮೂರು ತಿಂಗಳು ಬೇಕು.

ಈ ಪೆನ್ ಕ್ಯಾಮೆರಾಗಳನ್ನು ರೂಪಿಸಿದವರು ಮೈತಾನಿ ಯೋಶಿಹಿಸಾ. 1933ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಈ ಎಂಜಿನಿಯರ್ 1956ರಲ್ಲಿ ಒಲಿಂಪಸ್ ಸೇರಿದರು. ಸ್ವತಃ ಲೈಕಾ ಹಿಡಿದು ಅಡ್ಡಾಡುವ ಶೋಕಿಯವರು. ಮೊದಲ ಪೆನ್, 1959ರದ್ದು, ಆರು ಸಾವಿರ ಯೆನ್ನಿಗೆ ಮಾರುವಂತಿರಬೇಕು ಎಂಬ ಹಟದಿಂದ ಆದದ್ದು. ಆ ಬೆಲೆಯಲ್ಲೂ ಲೆನ್ಸಿನ ವಿಷಯದಲ್ಲಿ ಜುಗ್ಗತನ ಮಾಡಲಿಲ್ಲ. ಪೆನ್ನಿನಂತೆ ಜೇಬಿಗೆ ಸಿಕ್ಕಿಸಿ ಓಡಾಡಬೇಕು, ಅದಕ್ಕೇ ಆ ಹೆಸರು. ನಾಲ್ಕು ವರ್ಷ ಬಿಟ್ಟು ಅದೇ ಕೈ ಎಸ್‌ಎಲ್‌ಆರ್‌ಗೆ ಇಳಿದಾಗ, ದೊಡ್ಡದನ್ನು ಕುಗ್ಗಿಸಿ ಸಣ್ಣದು ಮಾಡುವ ಸುಲಭದ ದಾರಿ ಹಿಡಿಯಲಿಲ್ಲ.

ಮಾಮೂಲಿ ಎಸ್‌ಎಲ್‌ಆರ್‌ನಲ್ಲಿ ಕನ್ನಡಿ ಮೇಲಕ್ಕೆ ಹಾರುತ್ತದೆ. ಬಿಂಬ ನೆಟ್ಟಗೆ ಕಾಣಿಸಲು ನೆತ್ತಿಯ ಮೇಲೊಂದು ಐದು ಮೂಲೆಯ ಪಟ್ಟಕ ಬೇಕು. ಆ ಡುಬ್ಬ ಬರುವುದು ಅದಕ್ಕೇ. ಪೆನ್ ಎಫ್‌ನ ಚೌಕಟ್ಟು ನಿಂತ ಚೌಕಟ್ಟಾದ್ದರಿಂದ ಮೈತಾನಿ ಕನ್ನಡಿಯನ್ನು ಪಕ್ಕಕ್ಕೆ ತೆರೆಯುವಂತೆ ಕೂರಿಸಿದರು. ಬೆಳಕು ಅಡ್ಡಡ್ಡ ಹೋಗಿ, ಒಳಗೇ ಮಡಚಿಕೊಂಡು, ಹಿಂಬದಿಯ ಎಡತುದಿಯ ಕಿಂಡಿಗೆ ಬರುತ್ತದೆ. ಹಾಗಾಗಿ ನೆತ್ತಿ ಚಪ್ಪಟೆ. ನೋಡಿದವರು ಎಸ್‌ಎಲ್‌ಆರ್ ಎಂದು ನಂಬುವುದಿಲ್ಲ. ಬಲಗಣ್ಣಿನವರಿಗೆ ಇನ್ನೊಂದು ಲಾಭ: ಮೂಗು ಕ್ಯಾಮೆರಾದಿಂದ ಆಚೆ ಉಳಿಯುತ್ತದೆ, ಜಿಡ್ಡು ಅಂಟುವುದಿಲ್ಲ. ನಾನು ಎಡಗಣ್ಣಿನವನು, ನನಗೆ ಆ ಭಾಗ್ಯವಿಲ್ಲ.

ಒಮ್ಮೆ ನನ್ನದರ ಕನ್ನಡಿ ಅರ್ಧಕ್ಕೆ ನಿಂತುಬಿಟ್ಟಿತು. ಐವತ್ತು ದಾಟಿದ ಯಂತ್ರ, ಒಳಗಿನ ಗ್ರೀಸು ಅಂಟಾಗಿತ್ತು. ಬೆಂಗಳೂರಿನ ಪೇಟೆಯ ಒಂದು ಮಹಡಿ ಮೆಟ್ಟಿಲ ಕೆಳಗೆ ಕೂರುವ ಹಿರಿಯ ಮೆಕ್ಯಾನಿಕ್ ಅದನ್ನು ಬಿಚ್ಚಿ, ಕನ್ನಡಕ ಹಣೆಗೇರಿಸಿ, ಬಹಳ ಹೊತ್ತು ಸುಮ್ಮನೆ ನೋಡಿದರು. ‘ಎಲ್ಲಾ ಕ್ಯಾಮೆರಾನೂ ಕಿಟಕಿ ಎತ್ತಿದಂಗೆ ಎತ್ತುತ್ತೆ ಸಾಹೇಬ್ರೆ, ಇದು ಬಾಗಿಲು ತೆಗೆದಂಗೆ ತೆಗೀತದೆ. ಮಾಡಿದವನು ಮನೆ ಕಟ್ಟೋನು ಇರಬೇಕು’ ಎಂದರು. ಮೈತಾನಿಯವರ ಮನೆತನ ಸೋಯಾ ಸಾಸ್ ಮಾಡುವವರದು ಎಂದು ಹೇಳಬೇಕೆನಿಸಿತು, ಹೇಳಲಿಲ್ಲ. ಒಳ್ಳೆಯ ಹೋಲಿಕೆಯನ್ನು ಕೆಡಿಸಬಾರದು.

ಮೆಕ್ಯಾನಿಕ್ ನನಗೆ ತೋರಿಸಿದ ಇನ್ನೊಂದು ಅಚ್ಚರಿ ಶಟರ್. ಬೇರೆಯವುಗಳಲ್ಲಿ ಸಾಮಾನ್ಯವಾಗಿ ಎರಡು ಪರದೆಗಳು ಒಂದರ ಹಿಂದೊಂದು ಓಡುತ್ತವೆ. ಇಲ್ಲಿ ಟೈಟಾನಿಯಂನ ತೆಳು ತಗಡೊಂದು ಬೀಸಣಿಗೆಯಂತೆ ಗಿರ್ರನೆ ಸುತ್ತುತ್ತದೆ. ಇದರಿಂದಾದ ಉಪಯೋಗ ಸಣ್ಣದಲ್ಲ. ಪರದೆಯ ಶಟರಿನಲ್ಲಿ ವೇಗ ಹೆಚ್ಚಿಸಿದರೆ ಇಡೀ ಫಿಲ್ಮು ಒಮ್ಮೆಗೇ ತೆರೆದುಕೊಳ್ಳುವುದಿಲ್ಲ, ಫ್ಲ್ಯಾಶಿನ ಬೆಳಕು ಅರ್ಧಕ್ಕೆ ಮಾತ್ರ ಬೀಳುತ್ತದೆ. ಆ ಕಾಲದ ದೊರೆಯಂಥ ನಿಕಾನ್ ಎಫ್ ಕೂಡ ಫ್ಲ್ಯಾಶಿಗೆ 1/60ಕ್ಕೇ ನಿಲ್ಲಬೇಕಿತ್ತು. ಅಂಗೈಯಗಲದ ಪೆನ್ ಎಫ್ 1/500ರವರೆಗೂ ಫ್ಲ್ಯಾಶ್ ಹೊಡೆಯುತ್ತದೆ. ಉರಿಬಿಸಿಲಿನಲ್ಲಿ ಮದುವೆಯ ದಿಬ್ಬಣ ತೆಗೆದವರಿಗೆ, ಮುಂಡಾಸಿನ ನೆರಳಲ್ಲಿ ಮುಖ ಕಪ್ಪಾಗಿ ಮಾತು ಕೇಳಿಸಿಕೊಂಡವರಿಗೆ, ಇದರ ಬೆಲೆ ಗೊತ್ತು.

ಇಷ್ಟು ಹೊಗಳಿದ ಮೇಲೆ ದೂರು. ಪೆನ್ ಎಫ್‌ಟಿಯಲ್ಲಿ ಬೆಳಕಿನ ಮೀಟರ್ ಸೇರಿಸಿದರು. ಬೆಳಕಿನ ಒಂದು ಪಾಲನ್ನು ಮೀಟರಿಗೆ ಕಳಿಸಲು ಒಳಗಿನ ಒಂದು ಕನ್ನಡಿಯನ್ನು ಅರೆಪಾರದರ್ಶಕ ಮಾಡಬೇಕಾಯಿತು. ಕಣ್ಣಿಗೆ ಬರುವ ಬೆಳಕು ಅಷ್ಟು ಕಮ್ಮಿ. ಸಂಜೆ ಆರರ ಮೇಲೆ ವ್ಯೂಫೈಂಡರಿನಲ್ಲಿ ಕಣ್ಣಿಟ್ಟರೆ ಹೊಗೆ ಹಿಡಿದ ಅಡುಗೆಮನೆಯೊಳಗೆ ಇಣುಕಿದಂತೆ. ಅಷ್ಟು ತೆತ್ತು ಪಡೆದ ಮೀಟರಾದರೂ ಸಲೀಸೇ? ಅದರ ಮುಳ್ಳು 0ಯಿಂದ 7ರವರೆಗಿನ ಒಂದು ಅಂಕಿ ತೋರಿಸುತ್ತದೆ. ಅದೇ ಅಂಕಿಯನ್ನು ಲೆನ್ಸಿನ ಉಂಗುರದಲ್ಲಿ ನಾವು ಹಾಕಿಕೊಳ್ಳಬೇಕು. ಮಾಮೂಲಿ ಎಫ್ ಸಂಖ್ಯೆಗಳು ಬೇಕೆಂದರೆ ಉಂಗುರವನ್ನು ಎಳೆದು ಅರ್ಧ ಸುತ್ತು ತಿರುಗಿಸಬೇಕು. ಸೆಲ್ಲು ಪಾದರಸದ್ದು, 1.35 ವೋಲ್ಟು, ಈಗ ಎಲ್ಲೂ ಮಾಡುವುದಿಲ್ಲ. ಮಾಲೀಕರು ಕಂಡುಕೊಂಡ ಉಪಾಯ ಕಿವಿಯಂತ್ರದ 675 ನಂಬರಿನ ಸೆಲ್ಲು. 1.4 ವೋಲ್ಟು ಕೊಡುತ್ತದೆ, ಸುತ್ತ ಒಂದು ರಬ್ಬರ್ ಉಂಗುರ ಹಾಕಿದರೆ ಗೂಡಿನಲ್ಲಿ ಕೂರುತ್ತದೆ. ಗಾಳಿ ಕುಡಿಯುವ ಸೆಲ್ಲಾದ್ದರಿಂದ ಸ್ಟಿಕ್ಕರ್ ಕಿತ್ತ ಮೇಲೆ ಬಳಸಿದರೂ ಬಳಸದಿದ್ದರೂ ಕೆಲವು ವಾರಕ್ಕೆ ಸಾಯುತ್ತದೆ. ನಮ್ಮ ಸೋದರತ್ತೆಯ ಡಬ್ಬಿಯಿಂದ ನಾನು ಎರಡು ಸಲ ಎಗರಿಸಿದ್ದೇನೆ. ಮೂರನೇ ಸಲ, ‘ನಿನ್ನ ಕ್ಯಾಮೆರಾಗೂ ಕಿವುಡೇನೋ?’ ಎಂದರು. ಈಗ ಮೀಟರ್ ಹಾಕುವುದನ್ನೇ ಬಿಟ್ಟಿದ್ದೇನೆ. ಬಿಸಿಲಿದ್ದರೆ ಒಂದು ಲೆಕ್ಕ, ಮೋಡವಿದ್ದರೆ ಇನ್ನೊಂದು, ಕಣ್ಣಂದಾಜು ಸಾಕು.

ಶಿವಮೊಗ್ಗದಲ್ಲಿ ನಿವೃತ್ತ ಮೇಷ್ಟರೊಬ್ಬರ ಬಳಿ ಮೀಟರಿಲ್ಲದ ಮೊದಲ ಪೆನ್ ಎಫ್ ಇದೆ, ಮುಂಭಾಗದಲ್ಲಿ ಹಳೆಯ ಗಾಥಿಕ್ ಶೈಲಿಯ ‘ಎಫ್’ ಕೆತ್ತಿದ್ದು. ಅವರ ಅಣ್ಣ ಹಡಗಿನ ನೌಕರಿಯಲ್ಲಿದ್ದಾಗ ಸಿಂಗಪುರದಿಂದ ತಂದುಕೊಟ್ಟದ್ದಂತೆ. ಅದರ ವ್ಯೂಫೈಂಡರಿಗೆ ಕಣ್ಣಿಟ್ಟ ದಿನ ನನಗೆ ಹೊಟ್ಟೆಕಿಚ್ಚಾಯಿತು, ಅಷ್ಟು ಬೆಳಕು. ಅದರಲ್ಲಿ ಪ್ರತಿ ಚಿತ್ರಕ್ಕೂ ಲಿವರನ್ನು ಎರಡು ಸಲ ಎಳೆಯಬೇಕು. ನನ್ನದರಲ್ಲಿ ಒಂದೇ ಸಲ. ಮೇಷ್ಟರಿಗೆ ಅದೊಂದು ದೂರೇ ಅಲ್ಲ. ‘ಭತ್ತದ ಒನಕೆ ಒಂದೇ ಪೆಟ್ಟಿಗೆ ನಿಲ್ಲುತ್ತದೇನ್ರೀ?’ ಎನ್ನುತ್ತಾರೆ. ಅವರ ನಿಜವಾದ ಶತ್ರು ಮಲೆನಾಡಿನ ಮಳೆ. ಒಂದು ಜೂನ್‌ನಲ್ಲಿ ಬೀರುವಿನಲ್ಲಿಟ್ಟ 100 ಎಂ.ಎಂ. ಲೆನ್ಸು ಗೌರಿ ಹಬ್ಬಕ್ಕೆ ತೆಗೆದು ನೋಡಿದರೆ ಗಾಜಿನೊಳಗೆ ಜೇಡರ ಬಲೆಯಂಥ ಫಂಗಸ್. ಈಗ ಅವರ ಲೆನ್ಸುಗಳು ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ, ಹಪ್ಪಳದ ಡಬ್ಬಿಯ ಪಕ್ಕದಲ್ಲಿವೆ. ಎರಡಕ್ಕೂ ಬೇಕಾದ್ದು ಒಂದೇ ಹವೆ.

ಕೊಳ್ಳುವವರು ಕೇಳಿದರೆ ನನ್ನ ಸಲಹೆ ಮೇಷ್ಟರ ಪಕ್ಷವೇ: ಪೆನ್ ಎಫ್, ಇಲ್ಲವಾದರೆ 1967ರ ಎಫ್‌ವಿ. ಎಫ್‌ವಿ ಎಂದರೆ ಮೀಟರ್ ಕಿತ್ತ ಎಫ್‌ಟಿ, ಒಂದೇ ಎಳೆತ, ಒಳ್ಳೆಯ ಬೆಳಕು. ಸಿಗುವುದು ಕಷ್ಟ. ಜೊತೆಗೆ 38 ಎಂ.ಎಂ. ಎಫ್ 1.8 ಝುಯಿಕೊ ಲೆನ್ಸು ಒಂದಿದ್ದರೆ ವರ್ಷಗಟ್ಟಲೆ ಬೇರೇನೂ ಬೇಡ. 42ರ ಎಫ್ 1.2ಕ್ಕೆ ಆಸೆಪಟ್ಟು ದುಡ್ಡು ಸುರಿಯುವವರಿದ್ದಾರೆ. ಇಷ್ಟು ಸಣ್ಣ ಮೈಗೆ ಅಷ್ಟು ದಪ್ಪ ಮೂತಿ ಒಪ್ಪುವುದಿಲ್ಲ ಎಂದು ನನ್ನ ಅಭಿಪ್ರಾಯ.

ಇನ್ನೂ ಸಣ್ಣದು ಬೇಕೆನ್ನುವವರಿಗೆ ಪೆಂಟ್ಯಾಕ್ಸ್‌ನವರು 1978ರಲ್ಲಿ ಆಟೊ 110 ಎಂಬ ಎಸ್‌ಎಲ್‌ಆರನ್ನೇ ಮಾಡಿದರು. ಚಿತ್ರ 13×17 ಮಿಲಿಮೀಟರ್, ಲೆನ್ಸು ಬೆರಳಿನ ತುದಿಯಷ್ಟು. ಒಮ್ಮೆ ಹಿಡಿದು ನೋಡಿದ್ದೇನೆ. ಚನ್ನಪಟ್ಟಣದ ಗೊಂಬೆ ಹಿಡಿದ ಹಾಗೆ ಸಂತೋಷವಾಯಿತು, ಫೋಟೋ ತೆಗೆಯಬೇಕು ಅನ್ನಿಸಲಿಲ್ಲ.

ಫಿಲ್ಮಿನ ಕಾಳಿನ, ಅಂದರೆ ಗ್ರೇನಿನ, ಮಾತು ಎತ್ತದೆ ಬಿಟ್ಟರೆ ಮೋಸವಾಗುತ್ತದೆ. ಹನ್ನೆರಡು ಇಂಚು ಉದ್ದದ ಪ್ರಿಂಟಿಗೆ ಪೂರ್ತಿ ಚೌಕಟ್ಟನ್ನು ಎಂಟೂವರೆ ಪಟ್ಟು ಹಿಗ್ಗಿಸಬೇಕು, ಪೆನ್ನಿನದನ್ನು ಹನ್ನೆರಡೂಮುಕ್ಕಾಲು ಪಟ್ಟು. 400ರ ಫಿಲ್ಮಿನಲ್ಲಿ ಆಕಾಶವೆಲ್ಲ ಚಿರೋಟಿ ರವೆ. ಗೋಡೆಯಗಲ ಪ್ರಿಂಟು ಬೇಕಾದವರು ಈ ತಂಟೆಗೆ ಬರಬಾರದು. 100ರ ಫಿಲ್ಮು, ಅಂಗೈಯಗಲದ ಪ್ರಿಂಟು, ಇದರ ಸಂಸಾರ ಅಷ್ಟರಲ್ಲೇ ಚೆಂದ.

ಆದರೆ ನಿಂತ ಚೌಕಟ್ಟಿನ ಸುಖವೇ ಬೇರೆ. ಕ್ಯಾಮೆರಾವನ್ನು ಸುಮ್ಮನೆ ಎತ್ತಿ ಹಿಡಿದರೆ ಲೋಕ ಎದ್ದು ನಿಂತಂತೆ ಕಾಣುತ್ತದೆ. ಅಡಿಕೆ ಮರ, ಬಾಗಿಲಲ್ಲಿ ನಿಂತ ಹೆಂಗಸು, ಬಸದಿಯ ಮುಂದಿನ ಮಾನಸ್ತಂಭ. ನಮ್ಮ ವೀರಗಲ್ಲುಗಳಿಗಂತೂ ಹೇಳಿ ಮಾಡಿಸಿದ್ದು. ಕೆಳಗೆ ಕಾಳಗ, ನಡುವೆ ಅಪ್ಸರೆಯರು, ತುದಿಯಲ್ಲಿ ಶಿವಲಿಂಗ, ಕಲ್ಲಿನ ಅಂಚೂ ಚೌಕಟ್ಟಿನ ಅಂಚೂ ಒಂದರ ಮೇಲೊಂದು ಕೂರುತ್ತವೆ. ಹಾನಗಲ್ಲಿನ ಸುತ್ತ ಎರಡು ದಿನ ತಿರುಗಿ ಇಪ್ಪತ್ತು ಕಲ್ಲು ತೆಗೆದೆ, ಒಂದರಲ್ಲೂ ಎಡಬಲದ ಬೇಲಿ ಬೀಳಲಿಲ್ಲ.

ಇನ್ನೊಂದು ಸುಖ ಲ್ಯಾಬಿನ ಹುಡುಗನ ‘ತಪ್ಪಿ’ನಿಂದಲೇ ಬಂದದ್ದು. ಸ್ಕ್ಯಾನ್ ಯಂತ್ರಕ್ಕೂ ಅರ್ಧ ಗೊತ್ತಿಲ್ಲ. ಎರಡೆರಡು ಚಿತ್ರಗಳನ್ನು ಒಂದೇ ಎಂದು ಕಳಿಸುತ್ತದೆ. ಹೀಗೆ ಬಂದ ಒಂದು ಜೋಡಿಯಲ್ಲಿ ಎಡಕ್ಕೆ ಹಜಾರದಲ್ಲಿ ಮಲ್ಲಿಗೆ ಕಟ್ಟುತ್ತಿರುವ ಸೋದರತ್ತೆಯ ಕೈ, ಬಲಕ್ಕೆ ಹತ್ತು ದಿನ ಕಳೆದು ಮಲ್ಪೆಯ ಬಂದರಿನಲ್ಲಿ ತೆಗೆದ ಬಲೆ ನೇಯುವ ಕೈ. ಎರಡರಲ್ಲೂ ದಾರ ಹೆಬ್ಬೆರಳಿಗೆ ಸುತ್ತಿದೆ. ತೆಗೆಯುವಾಗ ನಾನು ಅದನ್ನು ನೋಡಿಯೇ ಇರಲಿಲ್ಲ. ಆ ಮೇಲೆ ಬೇಕೆಂದೇ ಜೋಡಿ ಮಾಡಲು ಹೊರಟಾಗಲೆಲ್ಲ ಶಾಲೆಯ ಚಾರ್ಟಿನಂತೆ ಬಂದಿವೆ. ಈಗ ಆ ಚಟ ಬಿಟ್ಟಿದ್ದೇನೆ.

ಹೊಸಬರಿಗೂ ಈ ಹುಚ್ಚು ಹತ್ತಿದೆ. 2024ರಲ್ಲಿ ಪೆಂಟ್ಯಾಕ್ಸ್ 17 ಎಂಬ ಹೊಸ ಅರ್ಧ ಚೌಕಟ್ಟಿನ ಫಿಲ್ಮ್ ಕ್ಯಾಮೆರಾ ಬಂತು, ಎಸ್‌ಎಲ್‌ಆರ್ ಅಲ್ಲ. ಅಣ್ಣನ ಮಗಳು ಅದನ್ನು ತರಿಸಿಕೊಂಡಿದ್ದಾಳೆ. ಫಿಲ್ಮಿನ ಬೆಲೆ ನೋಡಿ ಎಪ್ಪತ್ತೆರಡು ಉಳಿತಾಯ ಎಂಬುದು ಅವಳ ಲೆಕ್ಕ. ನನಗೆ ಅದು ಉಳಿತಾಯವೇ ಅಲ್ಲ. ಹಾಕಿದ ರೋಲು ಮುಗಿಯುವುದಿಲ್ಲ, ಮುಗಿಯದೆ ತೊಳೆಸಲು ಮನಸ್ಸಾಗುವುದಿಲ್ಲ. ಹಾಗಾಗಿ ಒಂದೊಂದು ರೋಲಿನಲ್ಲೂ ಒಂದು ಮಳೆಗಾಲ, ಎರಡು ಹಬ್ಬ, ಒಂದು ತಿಥಿ ಇದ್ದೇ ಇರುತ್ತದೆ. ಈಗ ಒಳಗಿರುವುದು ದಸರೆಗೆ ಹಾಕಿದ್ದು. ಕೌಂಟರು 58ರಲ್ಲಿದೆ. ಸೋದರತ್ತೆ ಮೊನ್ನೆ, ‘ನಾನು ಹೂ ಕಟ್ಟಿದ್ದು ತೆಗೆದಿಯಲ್ಲ, ಅದು ಎಲ್ಲಿ ಹೋಯ್ತು?’ ಎಂದು ಕೇಳಿದರು. ಹಳೆಯದನ್ನೋ ಹೊಸದನ್ನೋ ಗೊತ್ತಾಗಲಿಲ್ಲ. ಒಳಗೇ ಇದೆ ಎಂದೆ.